ಹಳೆ ಕಾರಿನ ಗೇರ್‌ಬಾಕ್ಸ್ ಆಯಿಲ್ ಎಲ್ಲಿಂದ ಸೋರುತ್ತಿದೆ? ಪತ್ತೆ ಹಚ್ಚುವ ಬಗೆ

ಎಂಜಿನ್ ಆಯಿಲ್ ಗಾಡಿ ಓಡಿದಂತೆಲ್ಲ ಸ್ವಲ್ಪ ಸ್ವಲ್ಪ ಉರಿದು ಕಡಿಮೆಯಾಗುತ್ತದೆ. ಗೇರ್‌ಬಾಕ್ಸ್ ಆಯಿಲ್‌ಗೆ ಹಾಗೆ ಉರಿದುಹೋಗುವ ದಾರಿಯೇ ಇಲ್ಲ. ಮುಚ್ಚಿದ ಪೆಟ್ಟಿಗೆಯೊಳಗೆ ಗೇರುಗಳ ಮೇಲೆ ಚಿಮ್ಮುತ್ತಾ ಅಲ್ಲೇ ಇರುತ್ತದೆ. ಹಾಗಾಗಿ ಲೆವೆಲ್ ಇಳಿದಿದೆ ಅಂದರೆ ಕಳೆದ ಸಲ ಕಡಿಮೆ ತುಂಬಿದ್ದಾರೆ, ಇಲ್ಲವೇ ಎಲ್ಲೋ ಸೋರುತ್ತಿದೆ. ಮೂರನೇ ಕಾರಣ ಹುಡುಕಬೇಕಿಲ್ಲ.

ಕಷ್ಟ ಏನೆಂದರೆ, ನಮ್ಮ ಹೆಚ್ಚಿನ ಹಳೆ ಕಾರುಗಳಲ್ಲಿ ಇದನ್ನು ಹೇಳುವ ದೀಪ ಡ್ಯಾಶ್‌ಬೋರ್ಡಿನಲ್ಲಿ ಇರುವುದಿಲ್ಲ. ಮ್ಯಾನುಯಲ್ ಗೇರ್‌ಬಾಕ್ಸ್‌ಗೆ ಸಾಮಾನ್ಯವಾಗಿ ಡಿಪ್‌ಸ್ಟಿಕ್ (ಲೆವೆಲ್ ನೋಡುವ ಕಡ್ಡಿ) ಕೂಡ ಇಲ್ಲ. ಮಾರುತಿ 800, ಆಲ್ಟೊದಂಥ ಸಣ್ಣ ಕಾರಿನ ಗೇರ್‌ಬಾಕ್ಸ್ ಹಿಡಿಯುವುದೇ ಸುಮಾರು 2 ಲೀಟರ್. ದಿನಕ್ಕೆ ನಾಲ್ಕು ತೊಟ್ಟು ಹೋದರೆ ತಿಂಗಳುಗಟ್ಟಲೆ ಏನೂ ಗೊತ್ತಾಗುವುದಿಲ್ಲ. ಗೇರ್‌ಬಾಕ್ಸ್ ಗುಂಯ್ ಅಂತ ಸದ್ದು ಮಾಡಲು ಶುರುವಾದಾಗ ಗೊತ್ತಾಗುತ್ತದೆ. ಅಷ್ಟರಲ್ಲಿ ಬೇರಿಂಗು ಸವೆದಿರುತ್ತದೆ.

ಇದಕ್ಕೆ ಎದುರಾದ ಇನ್ನೊಂದು ಅನ್ಯಾಯವೂ ಇದೆ. ಕೆಳಗೆ ಎಣ್ಣೆ ಕಂಡ ಕೂಡಲೇ ಗ್ಯಾರೇಜಿನವರು "ಗೇರ್‌ಬಾಕ್ಸ್ ಇಳಿಸಬೇಕು" ಅನ್ನುತ್ತಾರೆ. ಇಳಿಸಿ, ಸೀಲು ಹಾಕಿ, ಕೂಲಿ ತೆಗೆದುಕೊಂಡ ಮೇಲೂ ತೊಟ್ಟಿಕ್ಕುವುದು ನಿಲ್ಲುವುದಿಲ್ಲ. ಯಾಕೆಂದರೆ ಸೋರುತ್ತಿದ್ದದ್ದು ಬೇರೆ ಕಡೆಯಿಂದ. ಬಿಚ್ಚುವ ಮೊದಲು ಒಂದೆರಡು ದಿನ ತಾಳ್ಮೆಯಿಂದ ನೋಡಿದರೆ ಈ ಖರ್ಚು ಎಷ್ಟೋ ಸಲ ಉಳಿಯುತ್ತದೆ. ಹೇಗೆ ನೋಡುವುದು ಅನ್ನುವುದೇ ಈ ಬರಹ.

ಸೀಲು ಯಾಕೆ ಸೋರುತ್ತದೆ?

ಗೇರ್‌ಬಾಕ್ಸ್‌ನಿಂದ ಹೊರಗೆ ಬರುವ, ತಿರುಗುವ ಪ್ರತಿಯೊಂದು ಶಾಫ್ಟಿನ ಸುತ್ತ ಒಂದು ಆಯಿಲ್ ಸೀಲ್ ಇರುತ್ತದೆ. ಹೊರಗೆ ಲೋಹದ ಬಳೆ, ಒಳಗೆ ತೆಳ್ಳನೆಯ ರಬ್ಬರ್ ಅಂಚು. ಆ ಅಂಚನ್ನು ಶಾಫ್ಟಿಗೆ ಒತ್ತಿ ಹಿಡಿಯಲು ಅದರ ಹಿಂದೆ ಸಣ್ಣ ಸುರುಳಿ ಸ್ಪ್ರಿಂಗ್. ವರ್ಷಗಟ್ಟಲೆ ಬಿಸಿಯಾಗಿ ತಣ್ಣಗಾಗಿ ರಬ್ಬರ್ ಗಡುಸಾಗುತ್ತದೆ, ಬಾಗುವ ಗುಣ ಕಳೆದುಕೊಳ್ಳುತ್ತದೆ. ಶಾಫ್ಟು ಒಂಚೂರು ಅದುರಿದರೂ ಅಂಚು ಅದರ ಜೊತೆ ಹೋಗುವುದಿಲ್ಲ. ಆ ಸಂದಿಯಲ್ಲಿ ಆಯಿಲ್ ಹೊರಬರುತ್ತದೆ.

ಮಾರುತಿ 800 ರಸ್ತೆಗಿಳಿದದ್ದು 1983ರ ಡಿಸೆಂಬರ್‌ನಲ್ಲಿ, ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಅಂದರೆ ಕೊನೆಯ ಗಾಡಿಗೂ ಹತ್ತು ವರ್ಷ ದಾಟಿದೆ. ಸೀಲು ಒಮ್ಮೆಯೂ ಬದಲಾಗಿಲ್ಲದಿದ್ದರೆ ಅದರ ರಬ್ಬರಿಗೂ ಅಷ್ಟೇ ವಯಸ್ಸು. ಓಡಿಸದೆ ನಿಲ್ಲಿಸಿಟ್ಟ ಗಾಡಿಯಲ್ಲಿ ಸೀಲು ಹಾಳಾಗುವುದಿಲ್ಲ ಅಂದುಕೊಳ್ಳಬೇಡಿ. ರಬ್ಬರ್ ಅಂಚು ಮೆತ್ತಗೆ ಇರಬೇಕಾದರೆ ಅದಕ್ಕೆ ಆಯಿಲ್ ತಾಗುತ್ತಿರಬೇಕು. ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತ ಕಾರು ಹೊರತೆಗೆದ ವಾರದಲ್ಲೇ ಸೋರಲು ಶುರುಮಾಡುವುದು ಇದಕ್ಕೇ.

ಮೊದಲು, ಅದು ಗೇರ್ ಆಯಿಲ್ ಹೌದಾ?

ಕಾರಿನ ಕೆಳಗೆ ಬೀಳಬಹುದಾದ ದ್ರವಗಳು ಅನೇಕ. ರಾತ್ರಿ ಗಾಡಿ ನಿಲ್ಲಿಸುವಾಗ ಮುಂಭಾಗದ ಕೆಳಗೆ ಅಗಲವಾದ ರಟ್ಟು ಹಾಸಿ. ಹಳೆ ಫ್ರಿಜ್ಜಿನ ಡಬ್ಬದ ರಟ್ಟು ಸಾಕು. ಮುಂದಿನ ಎರಡು ಚಕ್ರ ಎಲ್ಲಿ ನಿಂತಿವೆ ಅಂತ ಅದರ ಮೇಲೆ ಪೆನ್ನಿನಲ್ಲಿ ಗುರುತು ಮಾಡಿ. ಬೆಳಿಗ್ಗೆ ಕಲೆ ಎಲ್ಲಿ ಬಿದ್ದಿದೆ ಅನ್ನುವುದು ಆ ಗುರುತಿಗೆ ಹೋಲಿಸಿದರೆ ತಿಳಿಯುತ್ತದೆ. ಎಂಜಿನ್ ಅಡ್ಡಡ್ಡವಾಗಿ ಕೂತಿರುವ ಮುಂಚಕ್ರದ (ಎಂಜಿನ್ನಿನ ಬಲ ಮುಂದಿನ ಚಕ್ರಗಳಿಗೆ ಹೋಗುವ) ಕಾರುಗಳಲ್ಲಿ ಒಂದು ಬದಿಗೆ ಎಂಜಿನ್, ಇನ್ನೊಂದು ಬದಿಗೆ ಗೇರ್‌ಬಾಕ್ಸ್. ನಿಮ್ಮ ಕಾರಿನಲ್ಲಿ ಯಾವುದು ಯಾವ ಕಡೆ ಅಂತ ಬಾನೆಟ್ ತೆಗೆದು ಒಮ್ಮೆ ನೋಡಿಕೊಳ್ಳಿ. ಬ್ಯಾಟರಿಯ ಕೆಳಗೆ ಇಣುಕಿದರೆ ಅನೇಕ ಕಾರುಗಳಲ್ಲಿ ಗೇರ್‌ಬಾಕ್ಸ್ ಕಾಣುತ್ತದೆ.

ಆಮೇಲೆ ಬೆರಳಿಗೆ ಹಚ್ಚಿಕೊಂಡು ನೋಡಿ. ಗೇರ್ ಆಯಿಲ್ ಮಂದವಾಗಿ, ಅಂಟಂಟಾಗಿರುತ್ತದೆ. ಹೊಸದಾಗಿದ್ದರೆ ಜೇನು ಬಣ್ಣ, ಹಳೆಯದಾದರೆ ಕಂದು. ಆದರೆ ಬಣ್ಣಕ್ಕಿಂತ ನಂಬಬೇಕಾದದ್ದು ವಾಸನೆಯನ್ನು. ಗೇರು ಹಲ್ಲುಗಳು ಒಂದಕ್ಕೊಂದು ಒತ್ತುವ ಜಾಗದಲ್ಲಿ ಲೋಹ ಉಜ್ಜದಿರಲಿ ಅಂತ ಆ ಆಯಿಲ್‌ನಲ್ಲಿ ಗಂಧಕ, ರಂಜಕದ ಸಂಯುಕ್ತಗಳನ್ನು ಬೆರೆಸಿರುತ್ತಾರೆ. ಹಾಗಾಗಿ ಕೊಳೆತ ಬೆಳ್ಳುಳ್ಳಿಯಂಥ ಗಂಧಕದ ಘಾಟು ಬರುತ್ತದೆ. ಒಮ್ಮೆ ಮೂಸಿದರೆ ಮತ್ತೆ ಮರೆಯುವುದಿಲ್ಲ. ಎಂಜಿನ್ ಆಯಿಲ್ ಕಪ್ಪಗೆ, ಸುಟ್ಟ ವಾಸನೆ, ಗೇರ್ ಆಯಿಲ್‌ಗಿಂತ ನೀರಾಗಿರುತ್ತದೆ. ಕೂಲೆಂಟ್ ಹಸಿರೋ ಗುಲಾಬಿಯೋ ಇರುತ್ತದೆ, ಸ್ವಲ್ಪ ಸಿಹಿ ವಾಸನೆ, ನೀರಿನಲ್ಲಿ ತೊಳೆದರೆ ಹೋಗುತ್ತದೆ. ಎಸಿ ಹಾಕಿ ಓಡಿಸಿದ ಮೇಲೆ ಬೀಳುವುದು ಬರೀ ನೀರು, ಅದಕ್ಕೆ ಚಿಂತೆ ಬೇಡ.

ಬ್ರೇಕ್ ಆಯಿಲ್ ಬಗ್ಗೆ ಮಾತ್ರ ಎಚ್ಚರ ಇರಲಿ. ಮಾರುತಿ 800ರಲ್ಲಿ ಕ್ಲಚ್ಚಿಗೆ ಕೇಬಲ್ ಇದೆ. ಆದರೆ ಹೈಡ್ರಾಲಿಕ್ ಕ್ಲಚ್ ಇರುವ ಕಾರುಗಳಲ್ಲಿ ಕ್ಲಚ್ಚನ್ನು ಒತ್ತುವ ಸ್ಲೇವ್ ಸಿಲಿಂಡರ್ ಗೇರ್‌ಬಾಕ್ಸ್ ಮೇಲೇ ಕೂತಿರುತ್ತದೆ. ಅದು ಸೋರಿದರೆ ಗೇರ್‌ಬಾಕ್ಸ್ ಸೋರಿದಂತೆಯೇ ಕಾಣುತ್ತದೆ. ಅದರಲ್ಲಿರುವುದು ಬ್ರೇಕ್ ಆಯಿಲ್. ತೆಳ್ಳಗೆ, ತಿಳಿ ಹಳದಿ, ಪೇಂಟಿನ ಮೇಲೆ ಬಿದ್ದರೆ ಪೇಂಟನ್ನೇ ಎಬ್ಬಿಸುತ್ತದೆ. ಕ್ಲಚ್ ಪೆಡಲ್ ಮೆತ್ತಗಾಗಿದೆಯಾ, ಬ್ರೇಕ್ ಆಯಿಲ್ ಡಬ್ಬಿಯ ಲೆವೆಲ್ ಇಳಿದಿದೆಯಾ ಅಂತ ನೋಡಿ. ಇಳಿದಿದ್ದರೆ ಅದನ್ನು ಮುಂದೂಡಬೇಡಿ.

ಇನ್ನೊಂದು ಮೋಸ ಗ್ರೀಸಿನದು. ಚಕ್ರಕ್ಕೆ ಹೋಗುವ ಡ್ರೈವ್ ಶಾಫ್ಟಿನ ರಬ್ಬರ್ ಬೂಟು (ಕೀಲಿನ ಮೇಲಿನ ಹೊದಿಕೆ) ಹರಿದರೆ ಒಳಗಿನ ಕಪ್ಪು ಗ್ರೀಸು ಚಕ್ರ ತಿರುಗಿದಂತೆ ಸುತ್ತಲೂ ಎರಚುತ್ತದೆ. ಗೇರ್‌ಬಾಕ್ಸ್ ಬದಿ, ಸಸ್ಪೆನ್ಷನ್ ಆರ್ಮು, ಚಕ್ರದ ಒಳಮುಖ ಎಲ್ಲ ಕಪ್ಪು. ಇದು ತೊಟ್ಟಿಕ್ಕುವುದಿಲ್ಲ, ಮೆತ್ತಿಕೊಳ್ಳುತ್ತದೆ. ರಟ್ಟಿನ ಮೇಲೆ ಏನೂ ಬೀಳದೆ ಕೆಳಗೆ ಮಾತ್ರ ಕೊಳಕಾಗಿದ್ದರೆ ಮೊದಲು ಬೂಟನ್ನು ನೋಡಿ.

ಬೀಳುವ ಜಾಗ ಬೇರೆ, ಹುಟ್ಟುವ ಜಾಗ ಬೇರೆ

ಹೆಂಚಿನ ಮನೆ ಸೋರುವುದನ್ನು ನೋಡಿದ್ದೀರಲ್ವಾ? ನೀರು ನಡುಮನೆಯಲ್ಲಿ ಬೀಳುತ್ತದೆ, ಒಡೆದ ಹೆಂಚು ಮೇಲೆಲ್ಲೋ ಇರುತ್ತದೆ. ನೀರು ರೀಪು ಹಿಡಿದು ಹರಿದು ಬಂದಿರುತ್ತದೆ. ಗೇರ್‌ಬಾಕ್ಸ್‌ನಲ್ಲೂ ಹೀಗೇ. ತೊಟ್ಟು ಬೀಳುವುದು ಅತ್ಯಂತ ತಗ್ಗಿನ ಬೋಲ್ಟಿನ ತುದಿಯಿಂದ. ಅನೇಕ ಸಲ ಅದು ಆಯಿಲ್ ಇಳಿಸುವ ತೂತಿನ ಡ್ರೈನ್ ಪ್ಲಗ್ಗೇ ಆಗಿರುತ್ತದೆ, ಪಾಪ ಪ್ಲಗ್ಗಿನ ತಪ್ಪೇನೂ ಇರುವುದಿಲ್ಲ. ಅದೂ ಸಾಲದು ಅಂತ ಓಡುವಾಗ ಗಾಳಿ ಆಯಿಲನ್ನು ಹಿಂದಕ್ಕೆ ತಳ್ಳುತ್ತದೆ. ಆದ್ದರಿಂದ ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದು, ಎಲ್ಲಕ್ಕಿಂತ ಮುಂದಿನದು ಯಾವುದು ಅಂತ ಹುಡುಕಬೇಕು. ಮೂಲ ಅಲ್ಲೇ ಹತ್ತಿರ ಇರುತ್ತದೆ.

ಇಪ್ಪತ್ತು ವರ್ಷದ ಕೊಳೆ ಮೆತ್ತಿರುವ ಗೇರ್‌ಬಾಕ್ಸ್ ಮೇಲೆ ಇದನ್ನು ಹುಡುಕಲು ಆಗುವುದಿಲ್ಲ. ಮೊದಲು ತೊಳೆಯಬೇಕು. ವಾಟರ್ ಸರ್ವಿಸ್ ಮಾಡಿಸುವ ಜಾಗದ ರ‍್ಯಾಂಪ್ ಇದಕ್ಕೆ ಹೇಳಿಮಾಡಿಸಿದ ಜಾಗ. ಗಾಡಿ ಮೇಲೆ ಏರಿದ ಕೂಡಲೇ, ನೀರು ಹೊಡೆಯುವ ಮೊದಲೇ, ಟಾರ್ಚ್ ಹಿಡಿದು ಕೆಳಗೆ ಹೋಗಿ ಫೋಟೊ ತೆಗೆದುಕೊಳ್ಳಿ. ನೀರು ಹೊಡೆದರೆ ಸಾಕ್ಷಿ ಹೋಯಿತು. ಆಮೇಲೆ ಡೀಸೆಲ್ ಅಥವಾ ಸೀಮೆಎಣ್ಣೆ ಹಚ್ಚಿ ಬ್ರಷ್ಷಿನಿಂದ ಉಜ್ಜಿ ತೊಳೆಸಿ. ಎಂಜಿನ್ ಮತ್ತು ಸೈಲೆನ್ಸರ್ ಪೂರ್ತಿ ತಣ್ಣಗಿರುವಾಗ ಮಾತ್ರ ಈ ಕೆಲಸ. ಗೇರ್‌ಬಾಕ್ಸ್ ಮೇಲ್ಭಾಗಕ್ಕೆ ಜೋರಾಗಿ ನೀರು ಹೊಡೆಯಬೇಡಿ ಅಂತ ಹೇಳಿ, ಕಾರಣ ಮುಂದೆ ಬರುತ್ತದೆ.

ಒಣಗಿದ ಮೇಲೆ ಅನುಮಾನ ಇರುವ ಜಾಗಗಳಿಗೆ ಟಾಲ್ಕಂ ಪೌಡರ್ ಉದುರಿಸಿ. ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ ಬಂದು ಮತ್ತೆ ನೋಡಿ. ಬಿಳಿ ಪೌಡರಿನ ಮೇಲೆ ಆಯಿಲ್ ಹರಿದ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಇದಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ. ಅನೇಕ ಗ್ಯಾರೇಜುಗಳಲ್ಲಿ ಇದನ್ನು ಮಾಡುವುದೇ ಇಲ್ಲ ಅನ್ನುವುದು ನನಗೆ ಬೇಜಾರಿನ ವಿಷಯ. ಸೋರಿಕೆ ತೀರಾ ನಿಧಾನವಾಗಿದ್ದರೆ ಆಯಿಲ್‌ಗೆ ಹೊಳೆಯುವ ಬಣ್ಣ ಬೆರೆಸಿ, ಅಲ್ಟ್ರಾವಯಲೆಟ್ ಟಾರ್ಚ್ ಬಿಟ್ಟು ನೋಡುವ ವಿಧಾನವೂ ಇದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ತಲೆ ಹಾಕಬೇಡಿ. ಒಂದು ನಿಮಿಷಕ್ಕೂ ಬೇಡ. ಕಬ್ಬಿಣದ ಸ್ಟ್ಯಾಂಡ್ ಇಟ್ಟು, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು ಹೋಗಿ. ಇಲ್ಲದಿದ್ದರೆ ಗುಂಡಿ ಅಥವಾ ರ‍್ಯಾಂಪ್ ಇರುವ ಗ್ಯಾರೇಜಿಗೆ ಹೋಗಿ ನೋಡಿ.

ಸೋರುವ ಜಾಗಗಳು

ಮುಂಚಕ್ರದ ಕಾರುಗಳಲ್ಲಿ ಜಾಸ್ತಿ ಸೋರುವುದು ಡ್ರೈವ್ ಶಾಫ್ಟ್ ಸೀಲುಗಳಿಂದ. ಗೇರ್‌ಬಾಕ್ಸ್‌ನಿಂದ ಎಡಬಲ ಚಕ್ರಗಳಿಗೆ ಹೋಗುವ ಶಾಫ್ಟು ಒಳಗೆ ತೂರುವ ಜಾಗದಲ್ಲಿ ಇವು ಇರುತ್ತವೆ. ಶಾಫ್ಟಿನ ಬುಡ ಒದ್ದೆಯಾಗಿ, ಅಲ್ಲಿಂದ ಕೆಳಗೆ ಗೆರೆ ಇಳಿದಿದ್ದರೆ ಇದೇ. ಸಂತೋಷದ ವಿಷಯ ಅಂದರೆ ಇದಕ್ಕೆ ಗೇರ್‌ಬಾಕ್ಸ್ ಇಳಿಸಬೇಕಿಲ್ಲ. ಶಾಫ್ಟ್ ಹೊರಗೆಳೆದು ಸೀಲು ಬದಲಿಸಬಹುದು. ಸೀಲು ಹಾಕುವ ಮೊದಲು ಶಾಫ್ಟಿನ ಮೈಯನ್ನು ಉಗುರಿನಿಂದ ಗೀರಿ ನೋಡಲು ಮೆಕ್ಯಾನಿಕ್‌ಗೆ ಹೇಳಿ. ಹಳೆ ಸೀಲು ಉಜ್ಜಿ ಉಜ್ಜಿ ಅಲ್ಲಿ ಕಾಲುವೆ ಬಿದ್ದಿದ್ದು, ಉಗುರು ಅದರಲ್ಲಿ ಸಿಕ್ಕಿಕೊಂಡರೆ ಹೊಸ ಸೀಲೂ ಜಾಸ್ತಿ ದಿನ ಬಾಳುವುದಿಲ್ಲ. ಶಾಫ್ಟನ್ನು ಮೇಲೆ ಕೆಳಗೆ ಅಲ್ಲಾಡಿಸಿದಾಗ ತುಂಬಾ ಆಟ ಇದ್ದರೂ ಅಷ್ಟೇ, ಎಡಬಲ ಶಾಫ್ಟುಗಳಿಗೆ ಬಲ ಹಂಚುವ ಡಿಫರೆನ್ಷಿಯಲ್‌ನ ಬೇರಿಂಗ್ ಕಡೆ ನೋಡಬೇಕಾಗುತ್ತದೆ.

ಆಮೇಲೆ ಸಣ್ಣಪುಟ್ಟವು. ಡ್ರೈನ್ ಪ್ಲಗ್ಗಿನ ವಾಷರ್, ರಿವರ್ಸ್ ಲೈಟಿನ ಸ್ವಿಚ್, ಗೇರ್ ಲಿವರಿನ ರಾಡು ಒಳಗೆ ಹೋಗುವ ಜಾಗದ ಸೀಲು, ಹಳೆ ಕಾರುಗಳಲ್ಲಿ ಸ್ಪೀಡೋಮೀಟರ್ ಕೇಬಲ್ ಕೂರುವ ಜಾಗದ ಓ-ರಿಂಗ್ ಅನ್ನುವ ರಬ್ಬರ್ ಬಳೆ. ಇವೆಲ್ಲ ಕಡಿಮೆ ಬೆಲೆಯ ಸಾಮಾನು, ಹೊರಗಿನಿಂದಲೇ ಬದಲಿಸುವಂಥವು. ವಾಷರ್ ಪ್ರತಿ ಸಲ ಹೊಸದು ಹಾಕಬೇಕು. ಸೋರುತ್ತೆ ಅಂತ ಪ್ಲಗ್ಗನ್ನು ಬಲ ಹಾಕಿ ಬಿಗಿದರೆ ಅಲ್ಯುಮಿನಿಯಂ ಮೈಯ ತ್ರೆಡ್ಡು ಕಿತ್ತುಬರುತ್ತದೆ, ಆಗ ಕೆಲಸ ದೊಡ್ಡದಾಗುತ್ತದೆ. ಎರಡು ಭಾಗ ಸೇರಿಸಿದ ಕೇಸಿನ ಜಾಯಿಂಟಿನಲ್ಲೂ ಒಮ್ಮೊಮ್ಮೆ ಬೆವರುತ್ತದೆ. ಎತ್ತರದ ಹಂಪಿಗೋ ಕಲ್ಲಿಗೋ ತಗುಲಿ ಕೇಸು ಬಿರುಕು ಬಿಟ್ಟಿದ್ದರೆ ಅಂಟು ಮೆತ್ತಿ ಕೂರಬೇಡಿ. ಬಿಚ್ಚಿ ಆರ್ಗಾನ್ ವೆಲ್ಡಿಂಗ್ ಮಾಡಿಸಬೇಕು, ಇಲ್ಲ ಕೇಸು ಬದಲಿಸಬೇಕು.

ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವ ಬೆಲ್ ಹೌಸಿಂಗ್ ಕೆಳಗಿನಿಂದ ತೊಟ್ಟಿಕ್ಕಿದರೆ ವಿಷಯ ಗಂಭೀರ. ಒಳಗೆ ಎರಡು ಸೀಲುಗಳಿವೆ. ಒಂದು ಎಂಜಿನ್ನಿನ ಕ್ರ್ಯಾಂಕ್ ಶಾಫ್ಟಿನ ಹಿಂದಿನ ಸೀಲು, ಇನ್ನೊಂದು ಗೇರ್‌ಬಾಕ್ಸ್‌ನ ಇನ್‌ಪುಟ್ ಶಾಫ್ಟ್ ಸೀಲು. ಯಾವುದು ಸೋರಿದರೂ ಆಯಿಲ್ ಒಂದೇ ಸಂದಿಯಿಂದ ಬೀಳುತ್ತದೆ. ಇಲ್ಲಿ ನೆರವಿಗೆ ಬರುವುದು ವಾಸನೆ ಮತ್ತು ಎರಡೂ ಆಯಿಲ್‌ಗಳ ಲೆವೆಲ್. ಆಯಿಲ್ ಕ್ಲಚ್ ಪ್ಲೇಟಿಗೆ ತಾಗಿದ್ದರೆ ಘಾಟಿ ಏರುವಾಗ ಎಂಜಿನ್ ಸದ್ದು ಏರುತ್ತದೆ, ಗಾಡಿಯ ವೇಗ ಏರುವುದಿಲ್ಲ.

ಇಲ್ಲೇ ಜಾಸ್ತಿ ಜನ ಸುಮ್ನೆ ದುಡ್ಡು ಕಳೆದುಕೊಳ್ಳುವುದು ಕೂಡ. ಹಳೆ ಮಾರುತಿ 800ರಲ್ಲಿ ಸ್ಪಾರ್ಕ್ ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಎಂಜಿನ್ ಹೆಡ್ಡಿನ ಗೇರ್‌ಬಾಕ್ಸ್ ಕಡೆಯ ತುದಿಯಲ್ಲಿದೆ. ಅದರ ಓ-ರಿಂಗ್ ಗಡುಸಾದರೆ ಎಂಜಿನ್ ಆಯಿಲ್ ಹೆಡ್ಡಿನ ಪಕ್ಕದಿಂದ ಇಳಿದು ಬೆಲ್ ಹೌಸಿಂಗ್ ಮೇಲೆ ಹರಿದು ಕೆಳಗೆ ಬೀಳುತ್ತದೆ. ಹೆಡ್ಡಿನ ಮೇಲಿನ ಮುಚ್ಚಳದ (ಟ್ಯಾಪೆಟ್ ಕವರ್) ಪ್ಯಾಕಿಂಗ್ ಹೋದರೂ ಹೀಗೇ. ಕೆಳಗಿನಿಂದ ನೋಡುವವರಿಗೆ ಒಳಗಿನ ಸೀಲೇ ಹೋದಂತೆ ಕಾಣುತ್ತದೆ. ಬೆಲ್ ಹೌಸಿಂಗಿನ ಮೇಲ್ಮುಖ ಒಣಗಿದೆಯಾ, ಒದ್ದೆ ಇದೆಯಾ ಅಂತ ಬಾನೆಟ್ ಎತ್ತಿ ಮೇಲಿನಿಂದ ಟಾರ್ಚ್ ಬಿಟ್ಟು ನೋಡಿ. ಮೇಲೆ ಒದ್ದೆ ಇದ್ದರೆ ಗೇರ್‌ಬಾಕ್ಸ್ ಇಳಿಸಲು ಒಪ್ಪಬೇಡಿ. ಒಂದು ರಬ್ಬರ್ ರಿಂಗಿನಲ್ಲಿ ಮುಗಿಯಬಹುದಾದ ಕೆಲಸ ಅದು.

ಸೀಲು ಹಾಕಿದರೂ ಸೋರಿದರೆ

ಗೇರ್‌ಬಾಕ್ಸ್ ಮೇಲ್ಭಾಗದಲ್ಲಿ ಬ್ರೀದರ್ ಅನ್ನುವ ಒಂದು ಸಣ್ಣ ಉಸಿರುಕೊಳವೆ ಇರುತ್ತದೆ. ಗಾಡಿ ಓಡಿದಾಗ ಒಳಗಿನ ಆಯಿಲ್ ಬಿಸಿಯಾಗಿ, ಅದರ ಮೇಲಿನ ಗಾಳಿ ಹಿಗ್ಗುತ್ತದೆ. ಆ ಗಾಳಿ ಬ್ರೀದರ್ ಮೂಲಕ ಹೊರಗೆ ಹೋಗಬೇಕು. ಧೂಳು, ಕೆಸರು ಸೇರಿ ಅದು ಮುಚ್ಚಿಹೋಗಿದ್ದರೆ ಒಳಗೆ ಒತ್ತಡ ಏರುತ್ತದೆ. ಒತ್ತಡ ತನ್ನ ದಾರಿ ಹುಡುಕಿಕೊಳ್ಳುತ್ತದೆ, ಎಲ್ಲಕ್ಕಿಂತ ದುರ್ಬಲವಾದ ಸೀಲಿನಿಂದ ಆಯಿಲನ್ನು ಹೊರಗೆ ನೂಕುತ್ತದೆ. ಎಡಗಡೆ ಸೀಲು ಬದಲಿಸಿದರೆ ಬಲಗಡೆ ಸೋರಲು ಶುರು. ಒಂದೇ ವರ್ಷದಲ್ಲಿ ಎರಡೆರಡು ಸಲ ಸೀಲು ಹೋದ ಗಾಡಿ ಇದ್ದರೆ ಸೀಲಿನ ಕಂಪನಿಯನ್ನು ಬಯ್ಯುವ ಮೊದಲು ಬ್ರೀದರ್ ತೆಗೆದು ಊದಿ ನೋಡಿ. ಅಳತೆ ಮೀರಿ ಆಯಿಲ್ ತುಂಬಿದ್ದರೂ ಇದೇ ಕಥೆ.

ನೀರು ಒಳಗೆ ಬರುವ ದಾರಿಯೂ ಇದೇ ಬ್ರೀದರ್. ವಾಟರ್ ಸರ್ವಿಸ್‌ನಲ್ಲಿ ಜೋರು ನೀರು ಬೇಡ ಅಂದದ್ದು ಇದಕ್ಕೆ. ಮಳೆಗಾಲದಲ್ಲಿ ಬೆಂಗಳೂರಿನ ಅಂಡರ್‌ಪಾಸಿನಲ್ಲೋ, ಮಲೆನಾಡಿನ ಹಳ್ಳದಲ್ಲೋ ನೀರಿನೊಳಗೆ ಗಾಡಿ ಇಳಿಸಿದಾಗ ಬಿಸಿ ಗೇರ್‌ಬಾಕ್ಸ್ ತಟ್ಟನೆ ತಣ್ಣಗಾಗುತ್ತದೆ. ಒಳಗಿನ ಗಾಳಿ ಕುಗ್ಗಿ ಹೊರಗಿನದನ್ನು ಎಳೆದುಕೊಳ್ಳುತ್ತದೆ. ಹಳೆ ಸೀಲಿನಿಂದಲೂ ನೀರು ನುಗ್ಗುತ್ತದೆ. ಅಂಥ ದಿನದ ನಂತರ ಆಯಿಲ್ ತೆಗೆಸಿ ನೋಡಿ. ಬೆಳ್ಳಗೆ ಕಲಕಿದಂತೆ, ನೊರೆ ನೊರೆಯಾಗಿ ಬಂದರೆ ಪೂರ್ತಿ ಬದಲಿಸಲೇಬೇಕು.

ಲೆವೆಲ್ ನೋಡುವುದು, ತುಂಬುವುದು

ಸಮತಟ್ಟು ಜಾಗದಲ್ಲಿ ಗಾಡಿ ನಿಲ್ಲಿಸಿ, ಗೇರ್‌ಬಾಕ್ಸ್ ಪಕ್ಕದಲ್ಲಿರುವ ಫಿಲ್ಲರ್ ಪ್ಲಗ್ ಬಿಚ್ಚಿ. ಅನೇಕ ಕಾರುಗಳಲ್ಲಿ ಆ ತೂತಿನ ಕೆಳಗಿನ ಅಂಚಿನವರೆಗೆ ಆಯಿಲ್ ಇರಬೇಕು. ಕಿರುಬೆರಳು ಬಾಗಿಸಿ ಒಳಗಿಟ್ಟರೆ ತುದಿಗೆ ತಾಗಬೇಕು. ಬೆರಳಿಗೆ ತಾಗದೇ ಇದ್ದರೆ ಗಾಡಿ ಓಡಿಸುವುದನ್ನು ಅಲ್ಲಿಗೇ ನಿಲ್ಲಿಸಿ. ಐದನೇ ಗೇರು ಅನೇಕ ಗೇರ್‌ಬಾಕ್ಸ್‌ಗಳಲ್ಲಿ ತುದಿಯ ಕವರಿನೊಳಗೆ ಇರುತ್ತದೆ, ಆಯಿಲ್ ಕಡಿಮೆಯಾದಾಗ ಮೊದಲು ಒಣಗುವುದು ಅದು. ಹೈವೇಯಲ್ಲಿ ಐದನೇ ಗೇರಿನಲ್ಲಿ ಮಾತ್ರ ಸದ್ದು ಬರುತ್ತಿದ್ದರೆ ಇದನ್ನು ನೆನಪಿಡಿ.

ಆಯಿಲ್ ಬದಲಿಸುವುದಾದರೆ ಮೊದಲು ಫಿಲ್ಲರ್ ಪ್ಲಗ್ ಬಿಚ್ಚಿಕೊಳ್ಳುತ್ತದಾ ನೋಡಿ, ಆಮೇಲೆ ಡ್ರೈನ್ ಪ್ಲಗ್ ಮುಟ್ಟಿ. ತುಕ್ಕು ಹಿಡಿದು ಫಿಲ್ಲರ್ ಬರದೇ ಹೋದರೆ ಖಾಲಿ ಗೇರ್‌ಬಾಕ್ಸ್ ಇಟ್ಟುಕೊಂಡು ಗಾಡಿ ಟೋ ಮಾಡಿಸಬೇಕಾಗುತ್ತದೆ. ಯಾವ ಆಯಿಲ್ ಅನ್ನುವುದನ್ನು ಕಾರಿನ ಕೈಪಿಡಿಯಲ್ಲಿ ನೋಡಿಯೇ ಹಾಕಿ. ಕೈಪಿಡಿ 75ಡಬ್ಲ್ಯೂ-90 (ಆಯಿಲ್ ಎಷ್ಟು ಮಂದ ಅನ್ನುವ ಗುರುತು), ಜಿಎಲ್-4 (ಗೇರ್ ಆಯಿಲ್‌ನ ದರ್ಜೆ) ಅಂದಿದ್ದರೆ ಅದನ್ನೇ ಹಾಕಬೇಕು. ಜಿಎಲ್-5 ಇನ್ನೂ ಒಳ್ಳೆಯದು ಅಂತ ಹೇಳುವವರಿದ್ದಾರೆ. ಅದರಲ್ಲಿ ಗಂಧಕದ ಸಂಯುಕ್ತ ಜಾಸ್ತಿ. ಗೇರು ಬದಲಿಸಲು ನೆರವಾಗುವ ಹಿತ್ತಾಳೆಯ ರಿಂಗುಗಳಿಗೆ ಅದು ಹಾನಿ ಮಾಡಬಹುದು.

ಹಿಂಚಕ್ರದ ಗಾಡಿ, ಆಟೊಮ್ಯಾಟಿಕ್ ಗಾಡಿ

ಅಂಬಾಸಿಡರ್, ಪದ್ಮಿನಿ, ಓಮ್ನಿಯಂಥ ಹಿಂಚಕ್ರದ ಗಾಡಿಗಳಲ್ಲಿ ಡ್ರೈವ್ ಶಾಫ್ಟ್ ಬದಲು ಪ್ರೊಪೆಲ್ಲರ್ ಶಾಫ್ಟ್ ಇದೆ. ಅದು ಗೇರ್‌ಬಾಕ್ಸ್ ಬಾಲದಲ್ಲಿ ಸೇರುವ ಕಡೆಯ ಸೀಲನ್ನು ಮೊದಲು ನೋಡಿ. ಗಾಡಿಯ ನಡುವೆ ಉದ್ದಕ್ಕೂ ಆಯಿಲ್ ಎರಚಿದ್ದರೆ ಅದೇ ಗುರುತು.

ಆಟೊಮ್ಯಾಟಿಕ್‌ಗಳಲ್ಲಿ ಸಾಮಾನ್ಯವಾಗಿ ಕೆಂಪು ಆಯಿಲ್. ಸೋರಿದರೆ ಗುರುತಿಸಲು ಸುಲಭ ಆಗಲಿ ಅಂತ ಬಣ್ಣ ಬೆರೆಸಿರುತ್ತಾರೆ. ಆದರೆ ಪವರ್ ಸ್ಟೀರಿಂಗಿಗೂ ಅನೇಕ ಹಳೆ ಕಾರುಗಳಲ್ಲಿ ಇದೇ ಆಯಿಲ್ ಹಾಕುತ್ತಾರೆ. ಹಾಗಾಗಿ ಕೆಂಪು ಕಂಡ ಕೂಡಲೇ ಸ್ಟೀರಿಂಗ್ ಡಬ್ಬಿಯ ಲೆವೆಲ್ ನೋಡಿ. ಇಲ್ಲಿ ಸೋರುವುದು ಕೆಳಗಿನ ಪ್ಯಾನಿನ ಪ್ಯಾಕಿಂಗಿನಿಂದ, ರೇಡಿಯೇಟರಿಗೆ ಹೋಗುವ ಕೂಲರ್ ಪೈಪುಗಳಿಂದ, ಮುಂದಿನ ಪಂಪಿನ ಸೀಲಿನಿಂದ. ಓಡುವಾಗ ಮಾತ್ರ ಸೋರಿದರೆ ಒತ್ತಡ ಇರುವ ಪೈಪುಗಳ ಮೇಲೆ ಅನುಮಾನ ಪಡಿ. ನಾಲ್ಕೈದು ದಿನ ನಿಂತ ಮೇಲೆ ಮಾತ್ರ ಸೋರಿದರೆ ಕಾರಣ ಬೇರೆ. ಕ್ಲಚ್ಚಿನ ಬದಲು ಇರುವ ಟಾರ್ಕ್ ಕನ್ವರ್ಟರಿನೊಳಗಿನ ಆಯಿಲ್ ಇಳಿದು ಪ್ಯಾನಿನಲ್ಲಿ ಲೆವೆಲ್ ಏರಿರುತ್ತದೆ, ಮೇಲಿನ ಸೀಲು ಆಗ ಮುಳುಗಿ ಸೋರುತ್ತದೆ. ಡಿಪ್‌ಸ್ಟಿಕ್ ಇರುವ ಅನೇಕ ಗಾಡಿಗಳಲ್ಲಿ ಎಂಜಿನ್ ಬಿಸಿಯಾಗಿ ಓಡುತ್ತಿರುವಾಗಲೇ ಲೆವೆಲ್ ನೋಡಬೇಕು. ಹಳೆ ಹೋಂಡಾಗಳಲ್ಲಿ ಎಂಜಿನ್ ಆಫ್ ಮಾಡಿ ಕೂಡಲೇ ನೋಡಬೇಕು. ಆಯಿಲ್ ಕೆನೆಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ರೇಡಿಯೇಟರಿನೊಳಗೆ ಅದಕ್ಕೆ ಕೂಲೆಂಟ್ ಬೆರೆತಿದೆ, ಗಾಡಿ ಸ್ಟಾರ್ಟ್ ಮಾಡಲೇಬೇಡಿ.

2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ಬಂದ ಎಎಂಟಿ (ತಾನೇ ಗೇರು ಬದಲಿಸುವ ಮ್ಯಾನುಯಲ್) ಕಾರುಗಳೂ ಈಗ ಹಳೆಯವಾಗುತ್ತಿವೆ. ಅವುಗಳ ಒಳಗೆ ಇರುವುದು ಮ್ಯಾನುಯಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತಿ ಗೇರು ಹಾಕುವ ಹೈಡ್ರಾಲಿಕ್ ಭಾಗಕ್ಕೆ ಮಾತ್ರ ಬೇರೆಯೇ ಆಯಿಲ್ ಇದೆ. ಎರಡರ ಲೆವೆಲ್ಲನ್ನೂ ಬೇರೆ ಬೇರೆಯಾಗಿ ನೋಡಿಸಿ.

ಯಾವಾಗ ಕಾಯಬಹುದು?

ಜಾಯಿಂಟಿನಲ್ಲಿ ಬರೀ ಬೆವರಿನಂತೆ ತೇವ ಇದ್ದು, ರಟ್ಟಿನ ಮೇಲೆ ತೊಟ್ಟು ಬೀಳದೆ ಇದ್ದರೆ ಆತುರ ಬೇಡ. ಮೂರು ತಿಂಗಳಿಗೊಮ್ಮೆ ಲೆವೆಲ್ ನೋಡಿಕೊಂಡು ಓಡಿಸಬಹುದು. ತೊಟ್ಟಿಕ್ಕಲು ಶುರುವಾದರೆ ಸರಿಮಾಡಿಸಿ. ಆಯಿಲ್ ಕ್ಲಚ್ಚಿಗೆ ತಾಗಿದ್ದರೆ, ಬಿಸಿ ಸೈಲೆನ್ಸರ್ ಮೇಲೆ ಬಿದ್ದು ಹೊಗೆ ಬರುತ್ತಿದ್ದರೆ ಕಾಯುವಂತಿಲ್ಲ. ಸೋರಿಕೆ ನಿಲ್ಲಿಸುತ್ತೆ ಅಂತ ಬಾಟಲಿಯಲ್ಲಿ ಮಾರುವ ದ್ರವಗಳು ಗಡುಸಾದ ರಬ್ಬರನ್ನು ಸ್ವಲ್ಪ ಮೆದುಮಾಡಿ ಉಬ್ಬಿಸುತ್ತವೆ, ಅಷ್ಟೇ. ಹರಿದ ಸೀಲಿಗೆ, ಸವೆದ ಶಾಫ್ಟಿಗೆ ಅವುಗಳಿಂದ ಉಪಯೋಗವಿಲ್ಲ. ನಾನಂತೂ ಗೇರ್‌ಬಾಕ್ಸ್‌ಗೆ ಹಾಕಲು ಹೇಳುವುದಿಲ್ಲ.

ಗೇರ್‌ಬಾಕ್ಸ್ ಇಳಿಸಲೇಬೇಕಾಗಿ ಬಂದರೆ ಒಳಗಿನ ಎರಡೂ ಸೀಲುಗಳನ್ನು ಒಟ್ಟಿಗೆ ಬದಲಿಸಿಬಿಡಿ. ಕ್ಲಚ್ ಪ್ಲೇಟು, ರಿಲೀಸ್ ಬೇರಿಂಗು ಎಷ್ಟು ಸವೆದಿವೆ ಅಂತ ನೀವೇ ನಿಂತು ನೋಡಿ. ಕೂಲಿ ಹೇಗೂ ಒಂದೇ. ಫ್ಲೈವೀಲ್ ಹಿಂದೆ ಒದ್ದೆ ಇದೆಯೋ, ಇನ್‌ಪುಟ್ ಶಾಫ್ಟಿನ ಬುಡದಲ್ಲಿ ಒದ್ದೆ ಇದೆಯೋ ಅನ್ನುವುದನ್ನು ಒರೆಸುವ ಮೊದಲೇ ತೋರಿಸಲು ಕೇಳಿ. ಕೆಲಸ ಮುಗಿದು ವಾರ ಓಡಿಸಿದ ಮೇಲೆ ಮತ್ತೆ ರಟ್ಟು ಹಾಸಿ. ಮೊದಲ ಒಂದೆರಡು ದಿನ ಸೀಲಿನ ಅಂಚಿನಲ್ಲಿ ಕಾಣುವ ತೆಳು ಪಸೆ, ಹಾಕುವಾಗ ಹಚ್ಚಿದ ಗ್ರೀಸಿನದ್ದಾಗಿರಬಹುದು. ಒರೆಸಿ ನೋಡಿ. ಮತ್ತೆ ಬಂದರೆ, ಮತ್ತು ಅದಕ್ಕೆ ಗಂಧಕದ ವಾಸನೆ ಇದ್ದರೆ, ಅದೇ ಗ್ಯಾರೇಜಿಗೆ ವಾಪಸ್ ಕರೆದುಕೊಂಡು ಹೋಗಿ ತೋರಿಸಿ.